ಕಣ್ಣಿಗೆ ಗೊತ್ತಿರೋ ಇಂಗ್ಲಿಷ್ ಕಿವಿಗೂ ಗೊತ್ತಾಗಲಿ

(ಗಡಿ ತಾಲ್ಲೂಕುಗಳ ಪ್ಲಸ್ ಟೂ, ಇಂಟರ್, ಬಾರಾವಿ ವಿದ್ಯಾರ್ಥಿಗಳ ಜೊತೆ ಆನ್‌ಲೈನ್‌ನಲ್ಲಿ ಆಡಿದ ಮಾತಿನ ಬರಹರೂಪ)

ಮಂಜೇಶ್ವರ, ಕುಂಬಳೆ ಕಡೆಯವರು ಇದ್ದೀರಿ, ತಾಳವಾಡಿಯವರು ಇದ್ದೀರಿ, ಅಕ್ಕಲಕೋಟೆ, ಜತ್ತದವರು ಇದ್ದೀರಿ, ಆದೋನಿ, ಮಡಕಶಿರಾದವರೂ ಸೇರಿಕೊಂಡಿದ್ದೀರಿ. ಒಬ್ಬರಿಗೆ ಇದು ಪ್ಲಸ್ ಟೂ, ಇನ್ನೊಬ್ಬರಿಗೆ ಇಂಟರ್, ಮತ್ತೊಬ್ಬರಿಗೆ ಬಾರಾವಿ. ಹೆಸರು ಬೇರೆ ಬೇರೆ, ತಲೆಬಿಸಿ ಒಂದೇ: ಮುಂದೇನು?

ನಾವು ಸಾಮಾನ್ಯವಾಗಿ ಈ ವೇದಿಕೆಯಲ್ಲಿ ಶಾಲೆ, ಶಿಕ್ಷಕರ ನೇಮಕ, ಪಠ್ಯಪುಸ್ತಕ, ಕಚೇರಿಯ ಬೋರ್ಡು, ಅರ್ಜಿ ನಮೂನೆ ಇಂಥ ವಿಷಯ ಮಾತಾಡ್ತೇವೆ. ಇವತ್ತು ಇಂಗ್ಲಿಷ್ ಬಗ್ಗೆ ಮಾತಾಡೋಣ. ಅದರಲ್ಲೂ ಇಂಗ್ಲಿಷನ್ನು ಕೇಳಿ ಅರ್ಥ ಮಾಡಿಕೊಳ್ಳುವ ಬಗ್ಗೆ. ಕನ್ನಡ ಹೋರಾಟದವರಿಗೆ ಇಂಗ್ಲಿಷ್ ಉಸಾಬರಿ ಯಾಕೆ ಅಂತ ಕೆಲವರು ಕೇಳಬಹುದು. ಉತ್ತರ ನಿಮ್ಮ ಪ್ರಶ್ನೆಗಳಲ್ಲೇ ಇದೆ. ನೀವು ಕಳಿಸಿದ ಮೆಸೇಜುಗಳಲ್ಲಿ ಹೆಚ್ಚಿನವರು ಕೇಳಿದ್ದು ಇದನ್ನೇ: "ಹತ್ತನೆಯವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಪುಸ್ತಕ ಕೊಟ್ಟರೆ ಓದಿ ಅರ್ಥ ಮಾಡ್ಕೊಳ್ತೇವೆ. ಆಡಿಯೋ ಹಾಕಿದ್ರೆ ಮಾತ್ರ ಏನೂ ತಲೆಗೆ ಹೋಗಲ್ಲ. ನಾವು ಹೊರದೇಶದ ಕಾಲೇಜಿಗೆ ಅರ್ಜಿ ಹಾಕಬಹುದಾ?"

ಹಾಕಬಹುದು. ಆದರೆ ತಯಾರಿ ಬೇಕು, ಆ ತಯಾರಿ ಹೇಗೆ ಅಂತ ಗೊತ್ತಿರಬೇಕು. ಅದನ್ನೇ ಈಗ ನೋಡೋಣ.

ಮೊದಲು ಒಂದು ಗೊಂದಲ ಬಗೆಹರಿಸೋಣ. ದೇಶದ ಒಳಗಿನ ದೊಡ್ಡ ಪ್ರವೇಶ ಪರೀಕ್ಷೆಗಳಾದ ನೀಟ್, ಜೆಇಇ, ಸಿಯುಇಟಿಗಳಲ್ಲಿ ಕೇಳಿ ಉತ್ತರಿಸುವ ಭಾಗ ಇಲ್ಲ. ಅಲ್ಲಿ ಎಲ್ಲವೂ ಓದಿ ಉತ್ತರಿಸೋದು. ಅಲ್ಲಿ ನಮ್ಮ ಸಮಸ್ಯೆ ಬೇರೆ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಉಂಟು, ಆದರೆ ಅದು ಸಿಗುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಕನ್ನಡ ವಿದ್ಯಾರ್ಥಿ ಕೇರಳದ ಕೇಂದ್ರದಲ್ಲಿ ಕೂತರೆ ಮಲಯಾಳಂ ಪತ್ರಿಕೆ ಸಿಗುತ್ತದೆ, ಕನ್ನಡ ಇಲ್ಲ. ಸೊಲ್ಲಾಪುರದಲ್ಲಿ ಕೂತರೆ ಮರಾಠಿ ಸಿಗುತ್ತದೆ, ಕನ್ನಡ ಇಲ್ಲ. ಇದರ ಬಗ್ಗೆ ನಮ್ಮ ಹೋರಾಟ ಬೇರೆಯೇ ನಡೀಬೇಕು.

ಕೇಳುವ ಪರೀಕ್ಷೆ ಎದುರಾಗುವುದು ಹೊರದೇಶದ ಕಾಲೇಜಿಗೆ ಹೊರಟಾಗ. ಐಇಎಲ್‌ಟಿಎಸ್, ಟೋಫೆಲ್, ಪಿಟಿಇ ಇಂಥ ಪರೀಕ್ಷೆಗಳಲ್ಲಿ ಓದುವುದು, ಬರೆಯುವುದು, ಮಾತಾಡುವುದರ ಜೊತೆಗೆ ಕೇಳುವುದಕ್ಕೂ ಅಂಕ ಇದೆ. ನಮ್ಮ ಕನ್ನಡ ಶಾಲೆಯ ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಎಡವಿದಾಗ ಏನಾಗುತ್ತದೆ ಅಂತ ನಿಮಗೆ ಗೊತ್ತು. ಊರಲ್ಲಿ ಮಾತು ಹಬ್ಬುತ್ತದೆ: "ನೋಡಿ, ಕನ್ನಡ ಮೀಡಿಯಂಗೆ ಹಾಕಿದ್ದಕ್ಕೇ ಹೀಗಾಯ್ತು." ಆ ಒಂದು ಮಾತು ಕೇಳಿ ಪಕ್ಕದ ಮನೆಯವರು ತಮ್ಮ ಸಣ್ಣ ಮಗುವನ್ನು ಕನ್ನಡ ಶಾಲೆಯ ಒಂದನೇ ತರಗತಿಗೆ ಸೇರಿಸೋದಿಲ್ಲ. ಮರುವರ್ಷ ಇನ್ನೊಂದು ಮನೆ. ಮಕ್ಕಳ ಸಂಖ್ಯೆ ಇಳೀತದೆ, ಡಿವಿಷನ್ ಹೋಗ್ತದೆ, ಶಿಕ್ಷಕರ ಹುದ್ದೆ ಹೋಗ್ತದೆ, ಕೊನೆಗೆ ಶಾಲೆಯೇ ಹೋಗ್ತದೆ. ಅದಕ್ಕೇ ಇವತ್ತಿನ ಮಾತು. ನಿಮ್ಮ ಅಂಕಪಟ್ಟಿ ನಿಮ್ಮದೊಬ್ಬರದೇ ಅಲ್ಲ. ನಿಮ್ಮ ಊರಿನ ಶಾಲೆಯ ಪರವಾಗಿ ಅಥವಾ ವಿರುದ್ಧವಾಗಿ ಅದೂ ಒಂದು ಸಾಕ್ಷಿ ಆಗಿಬಿಡುತ್ತದೆ. ಇದು ನ್ಯಾಯ ಅಲ್ಲ, ಆದರೆ ನಡೆಯುತ್ತಿರುವುದು ಹೀಗೆ.

ಈಗ ನೋಡೋಣ, ತಪ್ಪು ಕನ್ನಡ ಮಾಧ್ಯಮದ್ದೇ ಅಂತ. ದಕ್ಷಿಣ ಕೊರಿಯಾದ ಕಾಲೇಜು ಪ್ರವೇಶ ಪರೀಕ್ಷೆಯ ಬಗ್ಗೆ ನೀವು ಕೇಳಿರಬಹುದು, ಸುನುಂಗ್ ಅಂತಾರೆ. ಅದರ ಇಂಗ್ಲಿಷ್ ಪತ್ರಿಕೆಯಲ್ಲಿ 45 ಪ್ರಶ್ನೆ, ಅದರಲ್ಲಿ 17 ಕೇಳಿ ಉತ್ತರಿಸುವಂಥವು. ಆ ಆಡಿಯೋ ನಡೆಯುವ ಹೊತ್ತಿನಲ್ಲಿ ಇಡೀ ದೇಶದಲ್ಲಿ ವಿಮಾನ ಹಾರುವುದು, ಇಳಿಯುವುದು ನಿಲ್ಲಿಸುತ್ತಾರೆ, ಮಕ್ಕಳಿಗೆ ಸದ್ದಿನಿಂದ ತೊಂದರೆ ಆಗಬಾರದು ಅಂತ. ಆ ಮಕ್ಕಳು ಗಣಿತ, ವಿಜ್ಞಾನ, ಇತಿಹಾಸ ಎಲ್ಲ ಕಲಿತದ್ದು ಕೊರಿಯನ್ ಭಾಷೆಯಲ್ಲಿ. ಇಂಗ್ಲಿಷ್ ಅವರಿಗೆ ಒಂದು ವಿಷಯ, ಅಷ್ಟೇ. ಆದರೆ ಆ ವಿಷಯದಲ್ಲಿ ಕೇಳುವುದಕ್ಕೂ ಜಾಗ ಕೊಟ್ಟಿದ್ದಾರೆ, ಅಭ್ಯಾಸ ಮಾಡಿಸ್ತಾರೆ. ತಾಯ್ನುಡಿಯಲ್ಲಿ ಕಲಿತದ್ದರಿಂದ ಇಂಗ್ಲಿಷ್ ಕಿವಿಗೆ ಬೀಳೋದಿಲ್ಲ ಅನ್ನೋದು ನಿಜವಾಗಿದ್ದರೆ ಅವರು ಈ ಪರೀಕ್ಷೆ ಇಡ್ತಲೇ ಇರಲಿಲ್ಲ.

ಹಾಗಾದರೆ ನಮ್ಮಲ್ಲಿ ಎಲ್ಲಿ ಕೊರತೆ? ನಮ್ಮ ಇಂಗ್ಲಿಷ್ ಪೀರಿಯಡ್ ನೆನಪು ಮಾಡಿಕೊಳ್ಳಿ. ಪಾಠ ಓದುವುದು, ಸಾಲು ಸಾಲಾಗಿ ಕನ್ನಡದಲ್ಲಿ ಅರ್ಥ ಹೇಳುವುದು, ಪ್ರಶ್ನೆಗೆ ಉತ್ತರ ಬರೆಸುವುದು. ಹತ್ತು ವರ್ಷ ಇಂಗ್ಲಿಷ್ ನಮ್ಮ ಕಣ್ಣಿನ ಮುಂದೆ ಇತ್ತು, ಕಿವಿಗೆ ಬಿದ್ದದ್ದು ಬಹಳ ಕಡಿಮೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಎಷ್ಟೋ ಮಕ್ಕಳಿಗೂ ಇದೇ ಕತೆ, ಯಾಕಂದರೆ ಅಲ್ಲೂ ಅವರು ಕೇಳಿದ್ದು ತಮ್ಮ ಊರಿನ ಟೀಚರ ಇಂಗ್ಲಿಷನ್ನು ಮಾತ್ರ. ಹಾಗಾಗಿ ಇದು ಮಾಧ್ಯಮದ ದೋಷ ಅಲ್ಲ, ಅಭ್ಯಾಸದ ಕೊರತೆ. ಅಭ್ಯಾಸ ಮಾಡಿದರೆ ತುಂಬುವಂಥ ಕೊರತೆ.

ಈಗ ಪರೀಕ್ಷೆಯ ಸ್ವರೂಪ ನೋಡೋಣ. ಐಇಎಲ್‌ಟಿಎಸ್ ಅನ್ನೇ ಉದಾಹರಣೆಗೆ ತಗೊಳ್ಳೋಣ. ಕೇಳುವ ಪರೀಕ್ಷೆ ಸುಮಾರು 30 ನಿಮಿಷ. 4 ಭಾಗ, ಒಂದೊಂದರಲ್ಲಿ 10 ಪ್ರಶ್ನೆ, ಒಟ್ಟು 40. ಮೊದಲ ಭಾಗ ಇಬ್ಬರ ದಿನಬಳಕೆಯ ಮಾತುಕತೆ: ಬಾಡಿಗೆ ರೂಮು ವಿಚಾರಿಸೋದು, ಕೋರ್ಸಿಗೆ ಹೆಸರು ಕೊಡೋದು ಈ ತರ. ಎರಡನೆಯದು ಒಬ್ಬರೇ ಮಾತಾಡುವುದು: ಒಂದು ಊರಿನ ಗ್ರಂಥಾಲಯದ ಬಗ್ಗೆಯೋ ಪಾರ್ಕಿನ ಬಗ್ಗೆಯೋ ವಿವರಣೆ. ಮೂರನೆಯದು ಓದಿನ ಬಗ್ಗೆ ವಿದ್ಯಾರ್ಥಿಗಳು, ಅಧ್ಯಾಪಕರ ಚರ್ಚೆ. ನಾಲ್ಕನೆಯದು ಕಾಲೇಜಿನ ಉಪನ್ಯಾಸದಂಥದ್ದು. ಹೋಗ್ತಾ ಹೋಗ್ತಾ ಕಷ್ಟ ಆಗ್ತದೆ.

ಮುಖ್ಯ ನಿಯಮ: ಆಡಿಯೋ ಒಂದೇ ಸಲ. ಎರಡನೇ ಸಲ ಹಾಕೋದಿಲ್ಲ. ಇನ್ನೊಂದು: ಉತ್ತರ ತಪ್ಪಾದರೆ ಅಂಕ ಕಳೆಯೋದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. ಕಾಗುಣಿತ ತಪ್ಪಾದರೆ ಉತ್ತರ ತಪ್ಪು. "ಒಂದೇ ಪದ" ಅಂತ ಸೂಚನೆ ಇದ್ದಲ್ಲಿ ಎರಡು ಪದ ಬರೆದರೂ ತಪ್ಪು. 40ರಲ್ಲಿ ಸುಮಾರು 23 ಸರಿಯಾದರೆ ಬ್ಯಾಂಡ್ 6, ಸುಮಾರು 30 ಸರಿಯಾದರೆ ಬ್ಯಾಂಡ್ 7. ಹೊರದೇಶದ ಹಲವು ಕಾಲೇಜುಗಳು ಪದವಿಗೆ ಕೇಳುವುದು ಒಟ್ಟಾರೆ 6 ಅಥವಾ 6.5. ಅಂದರೆ 40ಕ್ಕೆ 40 ಬರಬೇಕಾಗಿಲ್ಲ. ಹತ್ತು ಹನ್ನೆರಡು ತಪ್ಪಾದರೂ ದಾರಿ ಇದೆ. ಈ ಲೆಕ್ಕ ತಲೆಯಲ್ಲಿದ್ದರೆ ಒಂದು ಪ್ರಶ್ನೆ ತಪ್ಪಿಹೋದಾಗ ಕೈಕಾಲು ನಡುಗೋದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಗೊತ್ತಿರುವ ಪದವೇ ಕಿವಿಗೆ ಬಿದ್ದಾಗ ಯಾಕೆ ಗೊತ್ತಾಗೋದಿಲ್ಲ?

ಮೊದಲ ಕಾರಣ, ಪದದ ಕೊನೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಅದಕ್ಕೇ ನಾವು ಬಸ್ಸನ್ನು ಬಸ್ಸು ಮಾಡ್ತೇವೆ, ಕಾರನ್ನು ಕಾರು, ಬುಕ್ಕನ್ನು ಬುಕ್ಕು ಮಾಡ್ತೇವೆ. ನಮ್ಮ ಕಿವಿ ಪದದ ಕೊನೆಯಲ್ಲಿ ಒಂದು ಸ್ವರಕ್ಕೆ ಕಾದಿರುತ್ತದೆ. ಇಂಗ್ಲಿಷಿನಲ್ಲಿ ಕೊನೆಯ ವ್ಯಂಜನವೇ ಅರ್ಥ ಹೇಳುತ್ತದೆ. 'ವಾಕ್' ಅಂದರೆ ನಡೆ, 'ವಾಕ್ಟ್' ಅಂದರೆ ನಡೆದ. 'ಟಿಕೆಟ್' ಒಂದು, 'ಟಿಕೆಟ್ಸ್' ಹಲವು. ಆ ಸಣ್ಣ 'ಟ್', 'ಸ್' ತಪ್ಪಿಹೋದರೆ ಉತ್ತರ ತಪ್ಪು. ಅಭ್ಯಾಸ ಮಾಡುವಾಗ ಪದದ ಬಾಲದ ಮೇಲೆ ಕಿವಿ ಇಡಿ.

ಎರಡನೆಯದು, ಒತ್ತು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಮ್ಮಿ ಒಂದೇ ಮರ್ಯಾದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಮುಖ್ಯ ಪದವನ್ನು ಒತ್ತಿ ಹೇಳಿ, ಉಳಿದದ್ದನ್ನು ನುಂಗಿಬಿಡ್ತಾರೆ. 'ಕ್ಯಾನ್' ಅನ್ನುವ ಪದ ಮಾತಿನ ನಡುವೆ 'ಕ್‌ನ್' ಅಂತಷ್ಟೇ ಕೇಳಿಸುತ್ತದೆ. ಅದರ ವಿರುದ್ಧ ಪದ 'ಕಾಂಟ್' ಮಾತ್ರ ಗಟ್ಟಿಯಾಗಿ ಕೇಳಿಸುತ್ತದೆ. ಅಂದರೆ ಒತ್ತಿ ಹೇಳಿದರೆ ಆಗೋದಿಲ್ಲ ಅಂತ, ನುಂಗಿ ಹೇಳಿದರೆ ಆಗುತ್ತದೆ ಅಂತ. ಸಂಖ್ಯೆಗಳಲ್ಲೂ ಹೀಗೆಯೇ. 13ಕ್ಕೂ 30ಕ್ಕೂ ವ್ಯತ್ಯಾಸ ತಿಳಿಯೋದು ಒತ್ತಿನಿಂದ: 'ಥರ್ಟೀನ್'ನಲ್ಲಿ ಭಾರ ಹಿಂದಕ್ಕೆ, 'ಥರ್ಟಿ'ಯಲ್ಲಿ ಭಾರ ಮುಂದಕ್ಕೆ. 14–40, 15–50, 16–60 ಎಲ್ಲಕ್ಕೂ ಇದೇ ಸೂತ್ರ. ಪರೀಕ್ಷೆಯಲ್ಲಿ ಬಾಡಿಗೆ, ತಾರೀಕು, ರೂಮ್ ನಂಬರ್ ಕೇಳುವಾಗ ಈ ಜೋಡಿಗಳನ್ನೇ ಇಟ್ಟು ನೋಡುತ್ತಾರೆ.

ಮೂರನೆಯದು, ನಮ್ಮಲ್ಲಿ ಒಂದೇ ಇದ್ದು ಅವರಲ್ಲಿ ಎರಡಿರುವ ಧ್ವನಿಗಳು. ನಮಗೆ 'ವ' ಒಂದೇ. ಅವರಿಗೆ ತುಟಿ ಕಚ್ಚುವ 'ವ' ಬೇರೆ, ತುಟಿ ದುಂಡು ಮಾಡುವ 'ವ' ಬೇರೆ. 'ವೆಸ್ಟ್' ಅಂದರೆ ಬನಿಯನ್ನೋ ಪಶ್ಚಿಮವೋ ಅನ್ನುವುದು ಅದರಿಂದ ಗೊತ್ತಾಗಬೇಕು. 'ಪ್ರೈಸ್' ಅಂದರೆ ಬೆಲೆಯೋ ಬಹುಮಾನವೋ ಅನ್ನುವುದು ಕೊನೆಯ 'ಸ'ಕಾರದ ಗುಂಯ್‌ಗುಡುವಿಕೆಯಿಂದ ಗೊತ್ತಾಗಬೇಕು. ಇನ್ನೊಂದು ಕಡೆ ನಮಗೆ ಲಾಭವೂ ಇದೆ. ಹ್ರಸ್ವ ದೀರ್ಘದ ಕಿವಿ ನಮ್ಮದು ಗಟ್ಟಿ. 'ಶಿಪ್'–'ಶೀಪ್', 'ಫುಲ್'–'ಫೂಲ್' ಇವು ಹಲವು ದೇಶದ ಮಕ್ಕಳಿಗೆ ತಲೆನೋವು. ಕಲಿ–ಕಾಲಿ, ಮರ–ಮಾರ ಅಂತ ಬರೆದು ಬೆಳೆದ ನಮಗೆ ಅಷ್ಟೇನೂ ಕಷ್ಟ ಇಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಇಂಗ್ಲಿಷ್ ಬರವಣಿಗೆಯಲ್ಲಿ ಪದ ಪದಕ್ಕೂ ನಡುವೆ ಜಾಗ ಇದೆ, ಮಾತಿನಲ್ಲಿ ಇಲ್ಲ. 'ಟರ್ನ್ ಇಟ್ ಆಫ್' ಅನ್ನೋದು ಕಿವಿಗೆ 'ಟರ್ನಿಟಾಫ್' ಅಂತ ಒಂದೇ ಪದ. ಇಲ್ಲಿ ನಮ್ಮ ಮಕ್ಕಳು ಹೆದರಿಕೊಳ್ತಾರೆ. ಹೆದರಬೇಕಾಗಿಲ್ಲ. ಇದಕ್ಕೆ ನಮ್ಮಲ್ಲಿ ಹೆಸರಿದೆ, ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೇವೆ: ಸಂಧಿ!

ನೋಡಿ. 'ಮನೆ' ಮತ್ತು 'ಅನ್ನು' ಸೇರಿದರೆ 'ಮನೆಯನ್ನು', ಯಕಾರ ಬಂತು. ಇಂಗ್ಲಿಷಿನಲ್ಲಿ 'ಸೀ' ಮತ್ತು 'ಇಟ್' ಸೇರಿದರೆ ಬಾಯಲ್ಲಿ 'ಸೀಯಿಟ್'. ಅದೇ ಯಕಾರ. 'ಗುರು' ಮತ್ತು 'ಅನ್ನು' ಸೇರಿದರೆ 'ಗುರುವನ್ನು', ವಕಾರ ಬಂತು. 'ಗೋ' ಮತ್ತು 'ಆನ್' ಸೇರಿದರೆ 'ಗೋವಾನ್'. ಅದೇ ವಕಾರ. ಆಗಮ ಸಂಧಿ ಅಂದರೆ ಇದೇ ತಾನೇ? 'ಊರು' ಮತ್ತು 'ಅಲ್ಲಿ' ಸೇರಿದಾಗ ಉಕಾರ ಹೋಗಿ 'ಊರಲ್ಲಿ' ಆಗ್ತದೆ, ಲೋಪ. 'ನೆಕ್ಸ್ಟ್ ಡೇ' ಅನ್ನುವಾಗ 'ಟ್' ಹೋಗಿ 'ನೆಕ್ಸ್‌ಡೇ' ಆಗ್ತದೆ, ಅಲ್ಲೂ ಲೋಪ. 'ಮಳೆ' ಮತ್ತು 'ಕಾಲ' ಸೇರಿದಾಗ ಕ ಹೋಗಿ ಗ ಬಂದು 'ಮಳೆಗಾಲ', ಆದೇಶ. 'ಡಿಡ್ ಯೂ' ಅನ್ನೋದು ಬಾಯಲ್ಲಿ 'ಡಿಜು' ಆಗೋದೂ ಅಂಥದ್ದೇ. ಇಂಗ್ಲಿಷಿನವರು ಸಂಧಿ ಮಾಡ್ತಾರೆ, ಬರೆಯುವಾಗ ತೋರಿಸೋದಿಲ್ಲ, ಅಷ್ಟೇ. ನೀವು ಮಾಡಬೇಕಾದದ್ದು ಸಂಧಿ ಬಿಡಿಸಿ ಬರೆಯುವ ಕೆಲಸ. ಕನ್ನಡ ವ್ಯಾಕರಣದ ಪೀರಿಯಡ್ ವ್ಯರ್ಥ ಆಯ್ತು ಅಂತ ಯಾರಾದರೂ ಹೇಳಿದರೆ ಇದನ್ನು ತೋರಿಸಿ.

ಇನ್ನೊಂದು ಹೋಲಿಕೆ. ಪುಸ್ತಕದಲ್ಲಿ 'ಮಾಡಿಕೊಂಡು ಬರುತ್ತೇನೆ' ಅಂತ ಇರ್ತದೆ. ಬಾಯಲ್ಲಿ ಒಬ್ಬರು 'ಮಾಡ್ಕೊಂಡ್ ಬರ್ತೀನಿ' ಅಂತಾರೆ, ಇನ್ನೊಬ್ಬರು 'ಮಾಡ್ಕೊಂಡ್ ಬರ್ತೇನೆ' ಅಂತಾರೆ. ಕನ್ನಡ ಪುಸ್ತಕದಿಂದ ಮಾತ್ರ ಕಲಿತವರಿಗೆ ಇವು ಅರ್ಥ ಆಗಲಿಕ್ಕಿಲ್ಲ. ಇಂಗ್ಲಿಷಿನ 'ಗೋಯಿಂಗ್ ಟು' ಬಾಯಲ್ಲಿ 'ಗೊನ' ಆಗುತ್ತದೆ, 'ವಾಂಟ್ ಟು' ಹೋಗಿ 'ವಾನ' ಆಗುತ್ತದೆ. ನಾವು ಓದಿದ್ದು ಪುಸ್ತಕದ ಇಂಗ್ಲಿಷ್, ಪರೀಕ್ಷೆಯಲ್ಲಿ ಕೇಳೋದು ಬಾಯಿಯ ಇಂಗ್ಲಿಷ್.

ಐದನೆಯದು, ಉಚ್ಚಾರದ ಬಗೆಗಳು. ಐಇಎಲ್‌ಟಿಎಸ್‌ನಲ್ಲಿ ಬ್ರಿಟಿಷರು, ಆಸ್ಟ್ರೇಲಿಯಾದವರು, ನ್ಯೂಜಿಲೆಂಡಿನವರು, ಅಮೆರಿಕ ಮತ್ತು ಕೆನಡಾದವರು ಹೀಗೆ ಬೇರೆ ಬೇರೆಯವರ ದನಿ ಬರಬಹುದು. ಬ್ರಿಟಿಷರು 'ಪಾರ್ಕ್'ನಲ್ಲಿ ರಕಾರ ಬಿಟ್ಟು 'ಪಾಕ್' ಅಂತಾರೆ. ಅಮೆರಿಕದವರ 'ವಾಟರ್' ನಮಗೆ 'ವಾಡರ್' ಅಂತ ಕೇಳಿಸುತ್ತದೆ. ಆಸ್ಟ್ರೇಲಿಯಾದವರ 'ಟುಡೇ' ಸ್ವಲ್ಪ 'ಟುಡೈ' ಕಡೆಗೆ ವಾಲುತ್ತದೆ. ಇದೂ ನಮಗೆ ಹೊಸದಾ? ಮಂಗಳೂರಿನ ಕನ್ನಡ, ಧಾರವಾಡದ ಕನ್ನಡ, ಮೈಸೂರಿನ ಕನ್ನಡ ಮೂರನ್ನೂ ಕೇಳಿ ಅರ್ಥ ಮಾಡಿಕೊಳ್ಳುವ ಕಿವಿ ನಮ್ಮದು.

ಅಷ್ಟೇ ಅಲ್ಲ, ಗಡಿನಾಡಿನ ಕಿವಿ ಅಂದರೆ ಸಾಮಾನ್ಯದ ಕಿವಿ ಅಲ್ಲ. ಕಾಸರಗೋಡಿನ ಮಗು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ, ಗೆಳೆಯರ ಜೊತೆ ಬ್ಯಾರಿ ಅಥವಾ ಕೊಂಕಣಿ ಕೇಳ್ತದೆ. ನೀಲಗಿರಿಯಲ್ಲಿ ಮನೆಯಲ್ಲಿ ಬಡಗ, ಪೇಟೆಯಲ್ಲಿ ತಮಿಳು. ಅಕ್ಕಲಕೋಟೆಯಲ್ಲಿ ಮನೆ ಕನ್ನಡದ್ದು, ಕಚೇರಿ ಮರಾಠಿಯದ್ದು. ಆದೋನಿಯಲ್ಲಿ ತೆಲುಗು, ಉರ್ದು ಎರಡೂ ಕಿವಿಗೆ ಬೀಳ್ತವೆ. ಬಹುಭಾಷೆಗಳ ಪಂಡಿತರಾಗಿದ್ದ ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿದ್ದು ಮಂಜೇಶ್ವರದಲ್ಲಿ. ಇಷ್ಟು ಭಾಷೆಗಳ ನಡುವೆ ಬೆಳೆದ ಕಿವಿಗೆ ಇನ್ನೊಂದು ಭಾಷೆ ಹೊರೆ ಅಲ್ಲ. ಮಲಯಾಳಂ, ಮರಾಠಿ, ತಮಿಳು ನೀವು ಕಲಿತದ್ದು ಹೇಗೆ? ಮೊದಲು ಕಿವಿಯಿಂದ, ಆಮೇಲೆ ಅಕ್ಷರದಿಂದ. ಇಂಗ್ಲಿಷ್ ಮಾತ್ರ ಉಲ್ಟಾ ಆಯ್ತು. ಅದನ್ನು ಸರಿ ಮಾಡಿಕೊಳ್ಳೋಣ.

ಈಗ ಅಭ್ಯಾಸದ ವಿಧಾನ. ದಿನಕ್ಕೆ 40 ನಿಮಿಷ ಸಾಕು, ಆದರೆ ದಿನಾ ಬೇಕು. ಭಾನುವಾರ ಒಂದೇ ದಿನ ಐದು ಗಂಟೆ ಕೂತರೆ ಪ್ರಯೋಜನ ಇಲ್ಲ.

ನಮ್ಮ ಹಳೇ ಶಾಲೆಗಳಲ್ಲಿ ಉಕ್ತಲೇಖನ ಅಂತ ಇತ್ತು. ಮೇಷ್ಟ್ರು ಹೇಳೋದು, ಮಕ್ಕಳು ಬರೆಯೋದು. ಅದನ್ನೇ ಇಂಗ್ಲಿಷಿಗೆ ಹಚ್ಚಿ. ಒಂದು ನಿಮಿಷದ ಆಡಿಯೋ ತಗೊಳ್ಳಿ, ಅದರ ಬರಹರೂಪ ಇರಲೇಬೇಕು. ಮೊದಲ ಸಲ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿ: ಯಾರು, ಯಾರ ಜೊತೆ, ಯಾವುದರ ಬಗ್ಗೆ ಅಂತ ಮಾತ್ರ ಗಮನಿಸಿ. ಎರಡನೇ ಸಲ ಒಂದೊಂದು ವಾಕ್ಯಕ್ಕೆ ನಿಲ್ಲಿಸಿ ಬರೆಯಿರಿ. ಗೊತ್ತಾಗದ ಕಡೆ ಗೆರೆ ಎಳೆಯಿರಿ, ಊಹಿಸಿ ತುಂಬಬೇಡಿ. ಮೂರನೇ ಸಲ ಗೆರೆಗಳನ್ನು ತುಂಬಲು ನೋಡಿ. ಆಮೇಲೆ ಬರಹರೂಪ ತೆಗೆದು ಕೆಂಪು ಪೆನ್ನಿನಲ್ಲಿ ತಿದ್ದಿ.

ತಿದ್ದಿದ ಮೇಲೆ ಎದ್ದು ಹೋಗಬೇಡಿ. ಒಂದೊಂದು ತಪ್ಪಿನ ಪಕ್ಕದಲ್ಲೂ ಕಾರಣ ಬರೆಯಿರಿ. ಕಾರಣ ನಾಲ್ಕೇ ಇರೋದು. ಒಂದು, ಆ ಪದವೇ ಗೊತ್ತಿರಲಿಲ್ಲ. ಎರಡು, ಪದ ಗೊತ್ತಿತ್ತು, ಕಿವಿಗೆ ಬೇರೆ ತರ ಕೇಳಿಸಿತು. ಮೂರು, ಕೇಳಿಸಿತು, ಬರೆಯುವಷ್ಟರಲ್ಲಿ ಮುಂದಿನ ಮಾತು ಬಂತು. ನಾಲ್ಕು, ಕಾಗುಣಿತ ತಪ್ಪಾಯ್ತು. ಮದ್ದು ಒಂದೊಂದಕ್ಕೂ ಬೇರೆ. ಮೊದಲನೆಯದಕ್ಕೆ ಪದಸಂಗ್ರಹ ಬೆಳೆಸಿ. ಎರಡನೆಯದಕ್ಕೆ ಆ ಸಾಲನ್ನೇ ಹತ್ತು ಸಲ ಕೇಳಿ, ಆಡಿಯೋ ಜೊತೆಗೇ ಗಟ್ಟಿಯಾಗಿ ಹೇಳಿ. ಬಾಯಿಗೆ ಬಂದದ್ದು ಕಿವಿಗೆ ಬೇಗ ಹಿಡಿಯುತ್ತದೆ. ಮೂರನೆಯದಕ್ಕೆ ಚುಟುಕಾಗಿ ಗುರುತು ಹಾಕಿಕೊಳ್ಳುವ ಅಭ್ಯಾಸ ಮಾಡಿ. ನಾಲ್ಕನೆಯದಕ್ಕೆ ವಾರದ ದಿನ, ತಿಂಗಳು, ಕಾಲೇಜಿನ ವಿಷಯಗಳು, ಮನೆಯ ಕೋಣೆಗಳು ಇಂಥ ಪದಗಳ ಕಾಗುಣಿತ ಬರೆದು ಬರೆದು ಗಟ್ಟಿ ಮಾಡಿ. ಎರಡು ವಾರ ಈ ಪಟ್ಟಿ ಇಟ್ಟರೆ ನಿಮ್ಮ ಕಾಯಿಲೆ ಯಾವುದು ಅಂತ ನಿಮಗೇ ಗೊತ್ತಾಗ್ತದೆ. ಕನ್ನಡ ಮಾಧ್ಯಮದವರಿಗೆ ಹೆಚ್ಚಾಗಿ ಎರಡನೆಯದೇ ಇರ್ತದೆ: ಪದ ಗೊತ್ತು, ಅದರ ಸದ್ದು ಗೊತ್ತಿಲ್ಲ.

ಸಾಮಗ್ರಿಗೆ ದುಡ್ಡು ಬೇಕಾಗಿಲ್ಲ. ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ಜಾಲತಾಣದಲ್ಲಿ ಮಟ್ಟಕ್ಕೆ ತಕ್ಕಂತೆ ಆಡಿಯೋ, ಪ್ರಶ್ನೆ, ಬರಹರೂಪ ಎಲ್ಲ ಉಚಿತ. ಬಿಬಿಸಿಯ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಹೆಸರೇ ಹೇಳುವಂತೆ ಆರು ನಿಮಿಷದ್ದು, ಬರಹರೂಪವೂ ಸಿಗ್ತದೆ. ಆಕಾಶವಾಣಿಯ ಇಂಗ್ಲಿಷ್ ವಾರ್ತೆ ನಿಧಾನ, ಸ್ಪಷ್ಟ. ಅವತ್ತಿನ ಸುದ್ದಿಯನ್ನು ಕನ್ನಡದಲ್ಲಿ ಮೊದಲೇ ಓದಿಕೊಂಡು ಕೇಳಿದರೆ ಅರ್ಧ ಕೆಲಸ ಮುಗೀತು. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಅಧ್ಯಾಪಕರ ಪಾಠಗಳಿವೆ, ನಾಲ್ಕನೇ ಭಾಗದ ಉಪನ್ಯಾಸಕ್ಕೆ ಒಳ್ಳೇ ತಯಾರಿ. ಐಇಎಲ್‌ಟಿಎಸ್ ನಡೆಸುವವರೇ ತಮ್ಮ ಜಾಲತಾಣದಲ್ಲಿ ಮಾದರಿ ಪ್ರಶ್ನೆಗಳನ್ನು ಕೊಡ್ತಾರೆ. ಯೂಟ್ಯೂಬಿನಲ್ಲಿ ವೇಗ ಕಡಿಮೆ ಮಾಡಿಕೊಂಡು ಶುರು ಮಾಡಬಹುದು, ಆದರೆ ಎರಡು ವಾರದೊಳಗೆ ಮಾಮೂಲು ವೇಗಕ್ಕೆ ಬನ್ನಿ.

ಒಂದು ಆರು ವಾರದ ಲೆಕ್ಕ ಹಾಕಿಕೊಳ್ಳಿ. ಮೊದಲ ಎರಡು ವಾರ ಉಕ್ತಲೇಖನ ಮಾತ್ರ. ಜೊತೆಗೆ ಅಂಕಿ, ತಾರೀಕು, ಹೆಸರಿನ ಅಕ್ಷರಗಳು. ಮೊದಲ ಭಾಗದಲ್ಲಿ ಹೆಸರನ್ನು ಅಕ್ಷರ ಬಿಡಿಸಿ ಹೇಳ್ತಾರೆ. 'ಎ', 'ಇ', 'ಐ' ಗೊಂದಲ ಆಗ್ತದೆ, 'ಜಿ'ಗೂ 'ಜೆ'ಗೂ ಆಗ್ತದೆ. ಸೊನ್ನೆಗೆ 'ಓ' ಅಂತಾರೆ, ಎರಡು ಏಳಿಗೆ 'ಡಬಲ್ ಸೆವೆನ್' ಅಂತಾರೆ. ಇಬ್ಬರು ಗೆಳೆಯರು ಸೇರಿ ಒಬ್ಬರಿಗೊಬ್ಬರು ಹೇಳಿ ಬರೆಸಿ. ಮೂರು, ನಾಲ್ಕನೇ ವಾರ ಭಾಗ ಭಾಗವಾಗಿ ಮಾದರಿ ಪ್ರಶ್ನೆ. ಐದನೇ ವಾರ ಪೂರ್ತಿ ಪರೀಕ್ಷೆ, ನಡುವೆ ನಿಲ್ಲಿಸದೆ. ಆರನೇ ವಾರ ಪೂರ್ತಿ ಪರೀಕ್ಷೆಯೇ, ಆದರೆ ಗದ್ದಲದ ನಡುವೆ. ನಮ್ಮ ಮನೆಗಳಲ್ಲಿ ಮಿಕ್ಸಿ ಓಡ್ತಿರ್ತದೆ, ಟಿವಿ ಇರ್ತದೆ, ಕೋಳಿ ಕೂಗ್ತಿರ್ತದೆ. ಕೊರಿಯಾದ ಹಾಗೆ ನಮಗಾಗಿ ಯಾರೂ ವಿಮಾನ ನಿಲ್ಲಿಸೋದಿಲ್ಲ. ಸದ್ದಿನ ನಡುವೆ ಕೇಳಿ ಅಭ್ಯಾಸ ಆದರೆ ಪರೀಕ್ಷಾ ಕೋಣೆ ಹಗುರ ಅನ್ನಿಸ್ತದೆ.

ಪರೀಕ್ಷೆ ದಿನದ ಮಾತು ಚುಟುಕಾಗಿ. ಆಡಿಯೋಕ್ಕೆ ಮುಂಚೆ ಪ್ರಶ್ನೆ ಓದಲು ಸ್ವಲ್ಪ ಸಮಯ ಕೊಡ್ತಾರೆ. ಆಗ ಖಾಲಿ ಜಾಗಕ್ಕೆ ಏನು ಬರಬಹುದು ಅಂತ ಅಂದಾಜು ಮಾಡಿ: ಅಂಕಿಯಾ, ಹೆಸರಾ, ದಿನವಾ, ಒಂದೇ ವಸ್ತುವಾ, ಹಲವಾ? ಕಿವಿಗೆ ಬಿದ್ದ ಮೊದಲ ಉತ್ತರವನ್ನೇ ನಂಬಬೇಡಿ. "ಬುಧವಾರ ಬನ್ನಿ... ಅಲ್ಲಲ್ಲ, ಗುರುವಾರ" ಅಂತ ಮಾತಾಡುವವರು ತಿದ್ದಿಕೊಳ್ತಾರೆ, ಅದು ಬೇಕಂತಲೇ ಇಟ್ಟ ಬಲೆ. 'ಬಟ್', 'ಆಕ್ಚುವಲಿ' ಕೇಳಿದ ಕೂಡಲೇ ಎಚ್ಚರ ಆಗಿ. ಒಂದು ಉತ್ತರ ತಪ್ಪಿಹೋಯಿತಾ, ಬಿಟ್ಟುಬಿಡಿ. ಅದನ್ನೇ ಹಿಡಿದು ಕೂತರೆ ಮುಂದಿನ ಮೂರು ಹೋಗ್ತವೆ. ಪ್ರಶ್ನೆಯ ಮಾತು ಮತ್ತು ಆಡಿಯೋದ ಮಾತು ಒಂದೇ ಇರೋದಿಲ್ಲ ಅನ್ನೋದೂ ನೆನಪಿರಲಿ. ಪ್ರಶ್ನೆಯಲ್ಲಿ 'ಚೀಪ್' ಇದ್ದರೆ ಆಡಿಯೋದಲ್ಲಿ 'ಡಸಂಟ್ ಕಾಸ್ಟ್ ಮಚ್' ಅಂತ ಇರಬಹುದು. ಗುರುತು ಹಾಕಿಕೊಳ್ಳುವಾಗ ಕನ್ನಡ ಬೇಗ ಬಂದರೆ ಕನ್ನಡದಲ್ಲೇ ಹಾಕಿಕೊಳ್ಳಿ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಇರಲಿ. ಕಾಗದದ ಮೇಲಿನ ಪರೀಕ್ಷೆಯಲ್ಲಿ ಕೊನೆಗೆ ಉತ್ತರ ನಕಲು ಮಾಡಲು 10 ನಿಮಿಷ ಸಿಗ್ತದೆ. ಕಂಪ್ಯೂಟರ್ ಪರೀಕ್ಷೆಯಲ್ಲಿ ಅಷ್ಟು ಸಿಗೋದಿಲ್ಲ, ನೋಡಿಕೊಳ್ಳಲು 2 ನಿಮಿಷ ಅಷ್ಟೇ. ಹಾಗಾಗಿ ಅರ್ಜಿ ಹಾಕುವಾಗಲೇ ಯಾವ ಬಗೆಯದು ಅಂತ ನೋಡಿಕೊಂಡು ಅದೇ ರೀತಿ ಅಭ್ಯಾಸ ಮಾಡಿ. ಶುಲ್ಕ 15,000 ರೂಪಾಯಿಗೂ ಮೇಲಿದೆ. ಮನೆಯಲ್ಲಿ ಮೂರು ಮಾದರಿ ಪರೀಕ್ಷೆಯಲ್ಲಿ ಬೇಕಾದ ಅಂಕ ಬಂದ ಮೇಲೆಯೇ ದುಡ್ಡು ಕಟ್ಟಿ. ಅಂಕಪಟ್ಟಿಗೆ ಎರಡು ವರ್ಷ ಆಯುಷ್ಯ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಹೊರದೇಶಕ್ಕೆ ಹೋಗದವರು ಇದೆಲ್ಲ ನಮಗಲ್ಲ ಅಂದುಕೊಳ್ಳಬೇಡಿ. ಮಂಗಳೂರಿಗೆ ಹೋಗಿ, ಕೊಯಮತ್ತೂರಿಗೆ ಹೋಗಿ, ಪುಣೆಗೆ ಹೋಗಿ, ಮೊದಲ ವರ್ಷದ ಕ್ಲಾಸಿನಲ್ಲಿ ಒಂದು ಗಂಟೆ ಇಂಗ್ಲಿಷ್ ಪಾಠ ಕೇಳಿ ನೋಟ್ಸ್ ಮಾಡಲೇಬೇಕು. ಅದಕ್ಕೆ ಅಂಕಪಟ್ಟಿ ಇಲ್ಲ, ಆದರೆ ನಿಜವಾದ ಕೇಳುವ ಪರೀಕ್ಷೆ ಅದೇ. ಮೊದಲ ತಿಂಗಳು ಏನೂ ಅರ್ಥ ಆಗದೆ ಹಿಂದಿನ ಬೆಂಚಿಗೆ ಹೋಗಿ ಕೂತು, ಆಮೇಲೆ ಊರಿಗೆ ಬಂದುಬಿಡುವ ಮಕ್ಕಳಿದ್ದಾರೆ. ಅವರಿಗೆ ಬುದ್ಧಿ ಕಡಿಮೆ ಇಲ್ಲ, ಅವರ ಕಿವಿಗೆ ಯಾರೂ ಮುಂಚೆ ಅಭ್ಯಾಸ ಕೊಟ್ಟಿರಲಿಲ್ಲ. ಈ ಆರು ವಾರದ ಕ್ರಮ ಅವರಿಗೂ ಹೊಂದುತ್ತದೆ.

ಕೊನೆಗೆ ಪಾಲಕರಿಗೆ, ಶಾಲೆಯವರಿಗೆ ಎರಡು ಮಾತು. ನಮ್ಮ ಮಕ್ಕಳ ಮೇಲೆ ಭಾಷೆಯ ಭಾರ ಇದೆ ಅನ್ನೋದು ನಿಜ. ತಮಿಳುನಾಡು 2006ರಲ್ಲಿ, ಕೇರಳ 2017ರಲ್ಲಿ, ತೆಲಂಗಾಣ 2018ರಲ್ಲಿ, ಮಹಾರಾಷ್ಟ್ರ 2020ರಲ್ಲಿ ರಾಜ್ಯಭಾಷೆಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡುವ ಕಾನೂನು ತಂದವು. ರಾಜ್ಯದ ಭಾಷೆ ಕಲಿಯಲು ನಮಗೆ ಬೇಸರ ಇಲ್ಲ, ಕಲಿತೇ ಇದ್ದೇವೆ. ಆದರೆ ಪೀರಿಯಡ್ ಸಾಲದೆ ಬಂದಾಗ ಮೊದಲು ಕತ್ತರಿ ಬೀಳೋದು ಕನ್ನಡಕ್ಕೆ ಆಗಬಾರದು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸುವ ಏರ್ಪಾಡು ಮಾಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಯಾರೂ ದಯೆಯಿಂದ ಕೊಟ್ಟದ್ದಲ್ಲ. ಆ ಹಕ್ಕನ್ನು ಬಿಟ್ಟುಕೊಟ್ಟು ಇಂಗ್ಲಿಷ್ ಮೀಡಿಯಂಗೆ ಓಡುವ ಮೊದಲು ನಿಮ್ಮ ಕನ್ನಡ ಶಾಲೆಯಲ್ಲಿ ಇಂಗ್ಲಿಷನ್ನು ಚೆನ್ನಾಗಿ ಕಲಿಸಿ ಅಂತ ಕೇಳಿ. ಪಿಟಿಎ ಸಭೆಯಲ್ಲಿ ಒಂದು ನಿರ್ಣಯ ಮಾಡಿಸಿ: ಐದನೇ ತರಗತಿಯಿಂದ ದಿನಾ ಹತ್ತು ನಿಮಿಷ ಇಂಗ್ಲಿಷ್ ಆಡಿಯೋ, ವಾರಕ್ಕೆ ಒಂದು ಉಕ್ತಲೇಖನ. ಅದಕ್ಕೆ ಒಂದು ಫೋನು, ಒಂದು ಸಣ್ಣ ಸ್ಪೀಕರ್ ಸಾಕು. ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ. ಹಳೇ ವಿದ್ಯಾರ್ಥಿಗಳೇ ಸೇರಿ ಕೊಡಿಸಬಹುದು.

ನಿಮಗೆ ಕೊನೆಯದಾಗಿ ಒಂದು ಕೆಲಸ. ಇವತ್ತೇ ನಿಮ್ಮ ಊರಿನ ಇನ್ನಿಬ್ಬರನ್ನು ಹುಡುಕಿ ಮೂವರ ಗುಂಪು ಮಾಡಿ. ಗ್ರಂಥಾಲಯದ ಜಗಲಿ, ಯುವಕ ಮಂಡಲದ ಕೋಣೆ, ಯಾವುದಾದರೂ ಆದೀತು. ಒಬ್ಬರು ಆಡಿಯೋ ಹಾಕಿ, ಇಬ್ಬರು ಬರೆಯಿರಿ, ಅದಲು ಬದಲು ಮಾಡಿ. ಅರ್ಥದ ಬಗ್ಗೆ ಜಗಳ ಮಾಡಬೇಕಾದರೆ ಕನ್ನಡದಲ್ಲೇ ಮಾಡಿ, ಅದರಿಂದ ಇಂಗ್ಲಿಷ್ ಕೆಡೋದಿಲ್ಲ. ಅಂಕ ಬಂದ ದಿನ ನಮಗೆ ತಿಳಿಸಿ. ನಿಮ್ಮ ಶಾಲೆಯ ಹೆಸರನ್ನೂ ಜೊತೆಗೆ ಹೇಳಿ. "ಈ ಹುಡುಗಿ ನಮ್ಮ ಕನ್ನಡ ಶಾಲೆಯಲ್ಲಿ ಕಲಿತವಳು" ಅಂತ ಒಂದನೇ ತರಗತಿ ದಾಖಲಾತಿಗೆ ಮನೆ ಮನೆಗೆ ಹೋಗುವ ಟೀಚರುಗಳು ಹೇಳುವಂತಾಗಲಿ.

ಸಿರಿಗನ್ನಡಂ ಗೆಲ್ಗೆ.